ಅಂಟಣ್ಣನ ಮನೆಗೆ ಸಂಜೆ ಐದರವರೆಗೆ ವಾರಂಟಿ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಸೀನು. ಅದೂ ಅಂತಿಂಥ ಸೀನಲ್ಲ, ಅಂಟಣ್ಣನ ಅತ್ತೆಯ ಸೀನು. ಆಕೆ ಸೀನಿದರೆ ಎರಡು ಬೀದಿಯಾಚೆ ಮಲಗಿದ್ದ ನಾಯಿ ಎದ್ದು ನಿಂತು, ಯಾರು ಕರೆದರು ಅಂತ ಸುತ್ತ ನೋಡುತ್ತಿತ್ತು. ಬೆಳಗ್ಗೆ ಏಳು ಗಂಟೆಗೆ ಆಕೆ ಹಾಸಿಗೆಯ ಮೇಲೆ ಎದ್ದು ಕೂತು, ಚಹಾದ ಲೋಟ ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಮೂಗು ತುರಿಸಿತು. ಆಕೆ ಸೀನಿದಳು. ತಲೆಯ ಮೇಲಿನ ಗೋಡೆಯಿಂದ ಅಂಗೈಯಗಲದ ಗಾರೆ ಕಳಚಿ, ಇಡೀ ಕೋಣೆಯಲ್ಲಿ ಬೇರೆಲ್ಲೂ ಜಾಗವೇ ಇಲ್ಲವೇನೋ ಅನ್ನುವ ಹಾಗೆ ನೇರ ಲೋಟದೊಳಕ್ಕೇ ಬಿತ್ತು.

"ಅಳಿಯಂದ್ರೇ!" ಅಂತ ಆಕೆ ಕೂಗಿದಳು. "ನಿಮ್ಮನೆ ನನ್ನ ಲೋಟಕ್ಕೆ ಬಿತ್ತು!"

ಅಂಟಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರೇನೂ ಅಲ್ಲ, ಬೀದಿಯವರು ಇಟ್ಟದ್ದು. ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡಿಂಗ್ ಕೆಲಸ ಅವನದು. ಮೈದಾಹಿಟ್ಟಿಗೆ ಮೈಲುತುತ್ತ ಹಾಕಿ ಕುದಿಸಿದ ಅಂಟಿನ ಡಬ್ಬಿ ಇಪ್ಪತ್ತೈದು ವರ್ಷದಿಂದ ಅವನ ಕೈಬಿಟ್ಟಿರಲಿಲ್ಲ. ಆ ಅಂಟಿನ ಮಹಿಮೆ ಎಂಥದ್ದು ಅಂದರೆ, ಅವನ ಕೈಕುಲುಕಿದವರು ಬಿಡಿಸಿಕೊಳ್ಳುವುದಕ್ಕೆ ಅರ್ಧ ದಿನ ರಜೆ ಹಾಕಬೇಕಾಗುತ್ತಿತ್ತು ಅಂತ ಜನ ಆಡಿಕೊಳ್ಳುತ್ತಿದ್ದರು.

ಮನೆ ಕೊಂಡು ಒಂದು ವರ್ಷ. ಒಬ್ಬನೇ ಬಿಲ್ಡರ್ ಸಾಲಾಗಿ ಕಟ್ಟಿದ ಹನ್ನೆರಡು ಮನೆಗಳಲ್ಲಿ ಅದು ಏಳನೆಯದು. ಬಾಡಿಗೆ ಮನೆಯಲ್ಲಿದ್ದಷ್ಟು ದಿನ ಅಂಟಣ್ಣನ ಹೆಂಡತಿ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕನ ಅಪ್ಪಣೆ ಕೇಳಬೇಕಿತ್ತು. ಸ್ವಂತ ಮನೆಗೆ ಬಂದ ದಿನವೇ ಆಕೆ ಸಂಭ್ರಮದಿಂದ ಸುತ್ತಿಗೆ ಎತ್ತಿಕೊಂಡಳು. ಈಗ ಯಾರ ಅಪ್ಪಣೆಯೂ ಬೇಕಿರಲಿಲ್ಲ, ನಿಜ. ಆದರೆ ಮೊಳೆ ಒಳಗೆ ಹೋಗುವ ಬದಲು ಗೋಡೆಯೇ ಹೊರಗೆ ಬಂತು.

ಎರಡನೇ ತಿಂಗಳಿಗೆ ಮೊದಲ ಬಿರುಕು. ಬೇರೆ ಯಾರಾದರೂ ಆಗಿದ್ದರೆ ಬಿಲ್ಡರ್‌ನ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದರು. ಅಂಟಣ್ಣನ ಕಣ್ಣಿಗೆ ಅದು ಬಿರುಕಾಗಿ ಕಾಣಲೇ ಇಲ್ಲ, ಬೆನ್ನು ಕಿತ್ತ ಪುಸ್ತಕದ ಹಾಗೆ ಕಂಡಿತು. ಬೈಂಡಿಂಗ್ ಬಟ್ಟೆ ಕತ್ತರಿಸಿ, ಅಂಟು ಬಳಿದು, ಗೋಡೆಗೆ ಒತ್ತಿ, ಒಣಗುವ ತನಕ ಎರಡು ತಾಸು ಬೆನ್ನು ಕೊಟ್ಟು ನಿಂತ. ಮೇಲೆ ಸುಣ್ಣ ಬಳಿದ. ಬಿರುಕು ಮಾಯ!

"ಬಿಲ್ಡರಿಗೆ ಒಂದು ಮಾತು ಹೇಳ್ರೀ," ಅಂತ ಹೆಂಡತಿ ಹೇಳುತ್ತಲೇ ಇದ್ದಳು.

"ಪಾಪ, ದೊಡ್ಡ ಮನುಷ್ಯರು. ಎರಡು ನಿಮಿಷದ ಕೆಲಸಕ್ಕೆ ಅವರನ್ನ ಯಾಕೆ ಕರೆಸೋದು?" ಅನ್ನುತ್ತಲೇ ಇದ್ದ ಅವನು.

ಹೀಗೆ ಗೋಡೆಗೊಂದು, ಚಾವಣಿಗೊಂದು, ಕಿಟಕಿಯ ಸಂದಿಗೊಂದು ಅಂತ ಅಂಟಿಸಿ ಅಂಟಿಸಿ, ವರ್ಷ ತಿರುಗುವ ಹೊತ್ತಿಗೆ ಆ ಮನೆಯಲ್ಲಿ ಸಿಮೆಂಟಿಗಿಂತ ಮೈದಾಹಿಟ್ಟೇ ಹೆಚ್ಚಾಗಿತ್ತು. ಗೋಡೆಗೆ ಜಿರಲೆ ಮುತ್ತದೇ ಇದ್ದದ್ದು ಮೈಲುತುತ್ತದ ಪುಣ್ಯ.

ಆದರೆ ಲೋಟಕ್ಕೆ ಗಾರೆ ಬಿದ್ದ ಮೇಲೆ ಹೆಂಡತಿ ಸುಮ್ಮನಿರಲಿಲ್ಲ. "ಇವತ್ತು ಲೋಟಕ್ಕೆ ಬಿದ್ದಿದ್ದು ನಾಳೆ ನಮ್ಮಮ್ಮನ ತಲೆ ಮೇಲೆ ಬೀಳತ್ತೆ. ವಾರಂಟಿ ಅಂತ ಒಂದು ಕಾಗದ ಕೊಟ್ಟಿದ್ರಲ್ಲ, ಎಲ್ಲಿ ಅದು?"

ಅಂಟಣ್ಣನ ಮುಖ ಅರಳಿತು. ಕಪಾಟಿನಿಂದ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ತೆಗೆದ. ಮನೆಯ ಕಾಗದಪತ್ರವನ್ನೆಲ್ಲ ಸೇರಿಸಿ ಅವನೇ ಹೊಲಿದು ಕಟ್ಟಿದ್ದು. ಕೆಂಪು ಬಟ್ಟೆಯ ರಟ್ಟು, ಅದರ ಮೇಲೆ ಬಂಗಾರದ ಬಣ್ಣದಲ್ಲಿ 'ನಮ್ಮ ಮನೆ'. ಎಷ್ಟು ಚೆಂದವಿತ್ತೆಂದರೆ, ಮೈಲಿಗೆಯಾದೀತು ಅಂತ ಒಂದು ವರ್ಷ ಯಾರೂ ಅದನ್ನು ಬಿಚ್ಚಿ ಓದಿರಲಿಲ್ಲ.

ಹೆಂಡತಿ ಪುಟ ತಿರುಗಿಸಿದಳು. ಕ್ರಯಪತ್ರ ಇತ್ತು, ನಕ್ಷೆ ಇತ್ತು, ನೀರಿನ ಬಿಲ್ಲೂ ಇತ್ತು. ವಾರಂಟಿ ಮಾತ್ರ ಇಲ್ಲ.

"ಅದಾ," ಅಂದ ಅಂಟಣ್ಣ, ತಲೆ ಕೆರೆಯುತ್ತ. "ಕೊನೆ ಹಾಳೆ ಅದು. ಒಳ್ಳೆ ದಪ್ಪ ಕಾಗದ ಇತ್ತು. ರಟ್ಟಿನ ಒಳಮೈಗೆ ಅಂಟಿಸಿಬಿಟ್ಟೆ."

ಹೆಂಡತಿ ಒಲೆಯ ಮೇಲೆ ನೀರಿಟ್ಟಳು. ನೀರು ಕುದಿದು ಆವಿ ಬಂದು, ಒಂದು ತಾಸು ಹಬೆ ಕೊಟ್ಟ ಮೇಲೆ ಆ ಹಾಳೆ ಮನಸ್ಸಿಲ್ಲದ ಮನಸ್ಸಿನಿಂದ ರಟ್ಟು ಬಿಟ್ಟು ಮೇಲೆದ್ದಿತು. ಆಕೆ ಗಟ್ಟಿಯಾಗಿ ಓದಿದಳು: 'ಕೀಲಿ ಕೊಟ್ಟ ದಿನದಿಂದ ಒಂದು ವರ್ಷದೊಳಗೆ ತಪಾಸಣೆಗಾರನ ವರದಿಯೊಂದಿಗೆ ತಿಳಿಸಿದ ದೋಷಗಳನ್ನು, ತಪಾಸಣೆಗಾರನು ಒಪ್ಪಿದ ಕೆಲಸಗಾರನಿಂದ ಬಿಲ್ಡರನು ಸರಿಮಾಡಿಸಿ ಕೊಡತಕ್ಕದ್ದು. ಕೊನೆಯ ದಿನ ಸಂಜೆ ಐದರ ನಂತರ ಏನನ್ನೂ ಕೇಳುವಂತಿಲ್ಲ. ಮಾಲೀಕನು ತಾನೇ ರಿಪೇರಿ ಮಾಡಿಕೊಂಡ ಜಾಗಕ್ಕೆ ವಾರಂಟಿ ಇರುವುದಿಲ್ಲ.'

"ಕೀಲಿ ಕೊಟ್ಟಿದ್ದು ಯಾವತ್ತು?"

ಇಬ್ಬರೂ ಗೋಡೆಯ ಕ್ಯಾಲೆಂಡರ್ ನೋಡಿದರು. ನಾಳೆಯ ತಾರೀಕಿಗೆ ಒಂದು ವರ್ಷ. ಅಂದರೆ ಕೊನೆಯ ದಿನ ಇವತ್ತೇ. ಗಡಿಯಾರದಲ್ಲಿ ಒಂಬತ್ತು ಹೊಡೆಯಿತು.

ಬಿಲ್ಡರ್‌ಗೆ ಫೋನು ಹೋಯಿತು. ಅವನದು ಬೆಣ್ಣೆ ಹಚ್ಚಿದಂಥ ದನಿ. "ಅಯ್ಯೋ, ಅದಕ್ಕೇನಂತೆ ಸಾರ್! ತಪಾಸಣೆ ಮಾಡಿಸಿ ವರದಿ ಇಟ್ಕೊಂಡಿರಿ. ನಾಲ್ಕೂವರೆಗೆ ನಾನೇ ಬರ್ತೀನಿ. ನೀವು ನಮ್ಮ ಮನೆಯವರಿದ್ದ ಹಾಗೆ," ಅಂದ. ಆಮೇಲೆ ತಪಾಸಣೆಗಾರನಿಗೆ ಫೋನು ಮಾಡಿದರು. ಅವನು ಎರಡು ಗಂಟೆಗೆ ಬರುತ್ತೇನೆ ಅಂದ.

"ಹಾಗಾದ್ರೆ ಎರಡರೊಳಗೆ ನೀವು ಅಂಟಿಸಿದ್ದೆಲ್ಲ ಕಿತ್ತಾಕ್ಬೇಕು," ಅಂದಳು ಹೆಂಡತಿ. "ನೀವೇ ರಿಪೇರಿ ಮಾಡಿದ್ದು ಅಂತ ಗೊತ್ತಾಯ್ತೋ, ವಾರಂಟಿ ಹೋಯ್ತು."

"ಇಪ್ಪತ್ಮೂರೂನಾ?" ಅಂದ ಅಂಟಣ್ಣ.

"ಇಪ್ಪತ್ನಾಲ್ಕು. ಬಾತ್‌ರೂಮ್ ಕನ್ನಡಿ ಹಿಂದಿಂದು ಮರೆತ್ರಾ?"

ಮೊದಲು ಹಜಾರದ ಬಾಗಿಲ ಪಕ್ಕದ ಬಟ್ಟೆಪಟ್ಟಿಗೆ ಕೈಹಾಕಿದರು. ತರಕಾರಿ ಚಾಕು ತಂದು ಅಂಚಿಗೆ ತೂರಿಸಿದರೆ ಚಾಕು ಬಗ್ಗಿತು. ಬಿಸಿನೀರು ಎರಚಿದರು. ಅಂಟು ಆ ಬಿಸಿನೀರನ್ನೂ ಕುಡಿದು, ಇನ್ನೊಂದು ಲೋಟ ಇದೆಯಾ ಅನ್ನುವ ಹಾಗೆ ಇನ್ನಷ್ಟು ಬಿಗಿಯಾಯಿತು. ಅಂಟಣ್ಣನಿಗೆ ಒಳಗೊಳಗೇ ಹೆಮ್ಮೆ. ಹೊರಗೆ ತೋರಿಸಿಕೊಂಡರೆ ಹೆಂಡತಿಯ ಕೈಯಲ್ಲಿ ಬಗ್ಗಿದ ಚಾಕು ಇತ್ತಲ್ಲ, ಅದಕ್ಕೆ ಸುಮ್ಮನಿದ್ದ.

ಸದ್ದು ಕೇಳಿ ಎದುರುಮನೆಯ ನರ್ಸಮ್ಮ ಬಂದಳು. ಕೇಳಿದ್ದು ಒಂದು ಮಾತು, ತಿಳಿದುಕೊಂಡದ್ದು ಹತ್ತು, ಸೆರಗು ಸಿಕ್ಕಿಸಿದ್ದು ಆಮೇಲೆ. "ಬ್ಯಾಂಡೇಜ್ ಬಿಚ್ಚೋದು ತಾನೆ? ಬಿಡಿ ನಂಗೆ. ಮೂವತ್ತು ವರ್ಷ ಅದನ್ನೇ ಮಾಡಿದ್ದೀನಿ. ಮೆತ್ತಗೆ ಎಳೆದ್ರೆ ನೋವು ಜಾಸ್ತಿ. ಒಂದೇ ಏಟಿಗೆ ಸರ್ರಂತ ಎಳೀಬೇಕು."

ಆಕೆ ಗೋಡೆಯನ್ನು ಎರಡು ಸಲ ತಟ್ಟಿ, "ಸ್ವಲ್ಪ ಉರಿಯತ್ತೆ, ಉಸಿರು ಹಿಡ್ಕೋ," ಅಂದಳು. ಉಸಿರು ಹಿಡಿದವನು ಅಂಟಣ್ಣ. ಸರ್ರಂತ ಎಳೆದಳು. ಬಟ್ಟೆ ಬಂತು. ಬಟ್ಟೆಯ ಜೊತೆಗೆ ಹಾಸಿಗೆಯಗಲದ ಗಾರೆಯೂ ಬಂತು. ಒಳಗಿನ ಇಟ್ಟಿಗೆಗಳು ಸ್ನಾನದ ಮನೆಯಲ್ಲಿ ಸಿಕ್ಕಿಬಿದ್ದವರ ಹಾಗೆ ನಾಚಿಕೊಂಡು ನೋಡಿದವು.

"ಅಯ್ಯಯ್ಯೋ!" ಅಂದ ಅಂಟಣ್ಣ.

"ಏನಾಗಲ್ಲ, ಗಾಳಿ ಆಡಿದ್ರೆ ಬೇಗ ವಾಸಿಯಾಗತ್ತೆ," ಅಂದಳು ನರ್ಸಮ್ಮ.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಕಂಡಕ್ಟರ್ ಬಂದ. ಬಸ್ಸಿನ ಕೆಲಸ ಬಿಟ್ಟು ನಾಲ್ಕು ವರ್ಷವಾಗಿದ್ದರೂ ಸೀಟಿ ಮಾತ್ರ ಕೊರಳಲ್ಲೇ ನೇತಾಡುತ್ತಿತ್ತು. ಬಾಗಿಲಲ್ಲಿ ನಿಂತು, "ಮುಂದೆ ಹೋಗಿ, ಮುಂದೆ ಹೋಗಿ, ಒಳಗಡೆ ಜಾಗ ಇದೆ!" ಅಂತ ತನಗೆ ತಾನೇ ಹೇಳಿಕೊಂಡು ಒಳಗೆ ಬಂದ. ಅಲ್ಲಿಂದ ಮುಂದೆ ಕೆಲಸವೆಲ್ಲ ಸೀಟಿಯ ಮೇಲೆ. ಒಂದು ಸೀಟಿಗೆ ಹಿಡಿಯಬೇಕು, ಎರಡು ಸೀಟಿಗೆ ಎಳೆಯಬೇಕು. ಅಡುಗೆಮನೆಯ ಪಟ್ಟಿ ಕಿತ್ತಾಗ ಒಂದು ಶೆಲ್ಫು ಕೆಳಗಿಳಿಯಿತು. ಕಿಟಕಿಯ ಪಟ್ಟಿ ಕಿತ್ತಾಗ ಕಿಟಕಿಯೇ ಚೌಕಟ್ಟಿನ ಸಮೇತ ಕಂಡಕ್ಟರ್‌ನ ತೊಡೆಯ ಮೇಲೆ ಬಂದು ಕೂತಿತು. ಅವನು ಕೂತಲ್ಲಿಂದಲೇ, ಕಿಟಕಿಯೊಳಗಿಂದ ಮುಖ ತೂರಿಸಿ, "ಹೋಲ್ಡಾನ್!" ಅಂದ.

ಒಂದೂಮುಕ್ಕಾಲಿಗೆ ಇಪ್ಪತ್ಮೂರು ಪಟ್ಟಿ ಕಿತ್ತಿದ್ದರು. ಮನೆ ಹೇಗಿತ್ತೆಂದರೆ, ಕಳ್ಳ ಬಂದಿದ್ದರೂ ಕರುಣೆಯಿಂದ ನಾಲ್ಕು ಕಾಸು ಇಟ್ಟು ಹೋಗುತ್ತಿದ್ದ. ಉಳಿದದ್ದು ಅತ್ತೆಯ ಹಾಸಿಗೆಯ ಮೇಲಿನ ದೊಡ್ಡ ಪಟ್ಟಿ. ಆಳುದ್ದದ ಬಿರುಕಿಗೆ ಎರಡು ಪದರ ಬಟ್ಟೆ ಹಾಕಿ ಅಂಟಿಸಿದ್ದದ್ದು. ಅತ್ತೆ ಸೀನಿದಾಗ ಬಿದ್ದ ಗಾರೆ ಇದರ ಪಕ್ಕದ್ದು, ಪಟ್ಟಿ ಮಾತ್ರ ರೆಪ್ಪೆ ಕೂಡ ಅಲುಗಿಸಿರಲಿಲ್ಲ. ಅಂಟಣ್ಣ ಪಟ್ಟಿ ಹಿಡಿದ, ಅಂಟಣ್ಣನ ಸೊಂಟ ಹೆಂಡತಿ ಹಿಡಿದಳು, ಆಕೆಯನ್ನು ನರ್ಸಮ್ಮ, ನರ್ಸಮ್ಮನ ಸೆರಗು ಬೇಡ ಅಂತ ಕಂಡಕ್ಟರ್ ಮಂಚದ ಕಾಲು ಹಿಡಿದ. ಎರಡು ಸೀಟಿ ಆಯಿತು. ನಾಲ್ಕು ಸೀಟಿ ಆಯಿತು. ಮಂಚ ಎರಡಡಿ ಮುಂದೆ ಬಂತು, ಪಟ್ಟಿ ಬರಲಿಲ್ಲ.

ಬಾಗಿಲ ಬೆಲ್ಲು ಹೊಡೆಯಿತು.

ತಪಾಸಣೆಗಾರ ಒಣಗಿದ ಬೆಂಡೆಕಾಯಿಯಂಥ ಮನುಷ್ಯ. ಕಂಕುಳಲ್ಲಿ ಚೀಲ, ಕೈಯಲ್ಲಿ ಪುಟ್ಟ ಸುತ್ತಿಗೆ, ಜೇಬಿನಲ್ಲಿ ಗೋಲಿ. ಹೊಸಿಲಲ್ಲೇ ನಿಂತು ಹಜಾರ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. "ನನ್ನ ಕರೆಸಿದ್ದು ತಪಾಸಣೆಗೋ, ಕೆಡವೋದಕ್ಕೋ?" ಅಂದ.

ಯಾರಾದರೂ ಬಾಯಿ ತೆಗೆಯುವ ಮೊದಲೇ ಅತ್ತೆ ಮುಂದೆ ಬಂದಳು. ವರ್ಷವಿಡೀ ಈ ಮನೆಯನ್ನು ಬೈದು ಬೈದು ನಾಲಿಗೆ ಸವೆಸಿಕೊಂಡ ಹೆಂಗಸು. ಆದರೆ ಎದುರಿಗೆ ನಿಂತವನು ಹೊರಗಿನವನು. "ಬನ್ನಿ ಸ್ವಾಮಿ, ಕೂತ್ಕೊಳ್ಳಿ. ನಮ್ಮ ಅಳಿಯಂದಿರ ಮನೆ ಅಂದ್ರೆ ಅರಮನೆ. ಎಲ್ಲಾದ್ರೂ ಒಂದು ಬಿರುಕು ತೋರಿಸಿಬಿಡಿ, ನೋಡೋಣ!"

"ಅಮ್ಮಾ!" ಹೆಂಡತಿ ಹಲ್ಲು ಕಚ್ಚಿದಳು. "ತೋರಿಸ್ಬೇಕಾಗಿರೋದು ನಾವು!"

"ನೀನು ಸುಮ್ನಿರೇ. ಕಂಡವರ ಮುಂದೆ ಗಂಡನ ಮನೆ ಮಾನ ಕಳೀತೀಯಾ?"

ಹಾಗೆಂದು ಆಕೆ ಹತ್ತಿರದ ಬಿರುಕಿಗೆ ಬೆನ್ನು ಕೊಟ್ಟು, ಕೈಕಟ್ಟಿ ನಿಂತುಬಿಟ್ಟಳು. ತಪಾಸಣೆಗಾರ ಅಡುಗೆಮನೆಗೆ ಹೋದರೆ ಆಕೆ ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಇನ್ನೊಂದು ಬಿರುಕಿಗೆ ಒರಗಿದಳು. ಬಾತ್‌ರೂಮಿನಲ್ಲಿ ಎರಡು ಬಿರುಕು ಇದ್ದದ್ದರಿಂದ ಕೈ ಎರಡೂ ಚಾಚಿ ನಿಂತಳು. ಆ ಮನುಷ್ಯನೂ ಜಾಣ. ಅಜ್ಜಿ ಎಲ್ಲಿ ನಿಂತರೆ ಅಲ್ಲೊಂದು ಬಿರುಕು ಇದೆ ಅಂತ ಹತ್ತು ನಿಮಿಷದಲ್ಲಿ ಅರ್ಥಮಾಡಿಕೊಂಡ. ಆಮೇಲೆ ಗೋಡೆ ನೋಡುವುದನ್ನೇ ಬಿಟ್ಟು, ಅಜ್ಜಿಯನ್ನು ನೋಡಿಕೊಂಡು ಬರೆಯುತ್ತ ಹೋದ.

ಗೋಲಿಯನ್ನು ಮುಂಬಾಗಿಲಲ್ಲಿ ನೆಲಕ್ಕೆ ಬಿಟ್ಟ. ಅದು ಹಜಾರ ದಾಟಿ, ಅಡುಗೆಮನೆಗೆ ತಿರುಗಿ, ಒಲೆಯ ಕೆಳಗೆ ಹಾದು, ಹಿಂಬಾಗಿಲಿನಿಂದ ಇಳಿದು ಹೋದದ್ದು ಮತ್ತೆ ಸಿಗಲಿಲ್ಲ. 'ನೆಲ: ಇಳಿಜಾರು' ಅಂತ ಬರೆದುಕೊಂಡ. ಆಮೇಲೆ ಇಟ್ಟಿಗೆ ಕಾಣುತ್ತಿದ್ದ ಹಜಾರದ ಗೋಡೆಯ ಮುಂದೆ ನಿಂತ.

"ಇದು ತಾನಾಗಿ ಬಿದ್ದಿದ್ದೋ, ಯಾರಾದ್ರೂ ಕಿತ್ತಿದ್ದೋ?"

"ತಾನಾಗೇ ಸಾರ್!" ಅಂದ ಕಂಡಕ್ಟರ್. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಗಾರೆಯ ಪುಡಿಯಿಂದ ಬೆಳ್ಳಗಾಗಿ ಅವನು ನೂರು ವರ್ಷದ ಮುದುಕನ ಹಾಗೆ ಕಾಣುತ್ತಿದ್ದ. "ನಾನು ಕಣ್ಣಾರೆ ನೋಡಿದೀನಿ. ಸ್ಟಾಪ್ ಬಂತು ಅಂತ ಇಳಿದ ಹಾಗೆ ಇಳೀತು."

ತಪಾಸಣೆಗಾರ ಅತ್ತೆಯ ಕೋಣೆಗೆ ನಡೆದ. ಅಲ್ಲಿ ದೊಡ್ಡ ಪಟ್ಟಿ ಎದುರಾಯಿತು. ಉಗುರಿನಿಂದ ಕೆರೆದ. ಸುತ್ತಿಗೆಯಿಂದ ಕುಟ್ಟಿದ. ಮೇಲಂಚಿಗೆ ಚೀಲ ಸಿಕ್ಕಿಸಿದ, ನಿಂತಿತು. ಆಮೇಲೆ ತಾನೇ ಎರಡು ಕೈಯಲ್ಲಿ ಹಿಡಿದು, ಕಾಲು ಮಡಚಿ ಜೋತುಬಿದ್ದ. ಅದೂ ನಿಂತಿತು. ನೇತಾಡುತ್ತಲೇ ಕೇಳಿದ: "ಯಾರು ಮಾಡಿದ್ದು ಇದು?"

ಅಂಟಣ್ಣ ಚಾವಣಿ ನೋಡಿದ. "ಗೊತ್ತಿಲ್ಲ ಸಾರ್. ನಾವು ಬಂದಾಗ್ಲೇ ಇತ್ತು. ಬಿಲ್ಡರೇ ಮಾಡಿಸಿರಬೇಕು."

"ಯಾವ ಬಿಲ್ಡರ್ರು?" ಅತ್ತೆ ತಾನು ಒರಗಿದ್ದ ಬಿರುಕನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. "ಆ ಮನುಷ್ಯ ಒಂದು ಮೊಳೆ ನೆಟ್ಟಗೆ ಹೊಡೆದವನಲ್ಲ. ಇದು ನಮ್ಮ ಅಳಿಯಂದಿರ ಕೈಕೆಲಸ! ಎರಡು ತಾಸು ಬೆನ್ನು ಕೊಟ್ಟು ನಿಂತಿದ್ರು, ನಾನೇ ನಿಂತಲ್ಲಿಗೆ ಚಹಾ ಕೊಟ್ಟೆ. ಇದೊಂದೇ ಅಲ್ಲ ಸ್ವಾಮಿ, ಇಂಥವು ಇಪ್ಪತ್ನಾಲ್ಕು ಇತ್ತು. ಬೆಳಗಿಂದ ಕೂತು ಕಿತ್ತಿದ್ದಾರೆ, ನೋಡಿ, ಈ ಪುಣ್ಯಾತ್ಮರು!"

ಕೋಣೆಯಲ್ಲಿ ಸೂಜಿ ಬಿದ್ದರೆ ಕೇಳುವಷ್ಟು ಸದ್ದಡಗಿತು. ಬಿದ್ದದ್ದು ಸೂಜಿಯಲ್ಲ, ಇನ್ನೊಂದು ತುಂಡು ಗಾರೆ.

ತಪಾಸಣೆಗಾರ ಕೆಳಗಿಳಿದು ಪುಸ್ತಕ ಮುಚ್ಚಿದ. "ಮಾಲೀಕರು ತಾವೇ ರಿಪೇರಿ ಮಾಡಿಕೊಂಡಿದ್ರೆ ವಾರಂಟಿ ಇಲ್ಲ. ಕಾಗದದಲ್ಲೇ ಇದೆ."

ಆಗ ಹೆಂಡತಿ ಅವನ ಎದುರಿಗೆ ಬಂದು ನಿಂತಳು. ಕೂಗಲಿಲ್ಲ. "ಸಾರ್, ಇಪ್ಪತ್ತೈದು ವರ್ಷ ಊರಿನವರ ಪುಸ್ತಕ ಹೊಲಿದು ಹೊಲಿದು ಈ ಮನೆ ತಗೊಂಡ್ವಿ. ಇನ್ನೊಂದು ಕೊಳ್ಳೋಕೆ ಇವರಿಗೆ ಇನ್ನಿಪ್ಪತ್ತೈದು ವರ್ಷ ಕಣ್ಣು ಕಾಣಲ್ಲ. ನನ್ನ ಗಂಡ ಪೆದ್ದ, ಒಪ್ಕೋತೀನಿ. ಆದ್ರೆ ಬಿರುಕು ಬಿಡಿಸಿದ್ದು ಇವರಲ್ಲ. ಮುಚ್ಚಿದ್ದಷ್ಟೇ ಇವರು."

ಆ ಮನುಷ್ಯ ಪಟ್ಟಿಯನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿದ. ಮತ್ತೆ ಪುಸ್ತಕ ತೆರೆದ. "ನೀವು ಹೇಳೋದೂ ಸರಿ ತಾಯಿ. ಮೇಲೆ ಬಟ್ಟೆ ಹೊದಿಸಿದ ಮಾತ್ರಕ್ಕೆ ಕೆಳಗಿನ ಬಿರುಕು ನಿಮ್ಮದಾಗಲ್ಲ. ಅದು ಬಿಲ್ಡರ್‌ದೇ. ಕಂಡಿದ್ದು ಕಂಡ ಹಾಗೆ ಬರೀತೀನಿ." ಕುರ್ಚಿ ಎಳೆದುಕೊಂಡು ಕೂತು ಬರೆದ. ನಾಲ್ಕು ಹಾಳೆ ಬರೆದ. ಒಟ್ಟು ನಲವತ್ತೇಳು ದೋಷ. ಕೊನೆಯಲ್ಲಿ ಇನ್ನೆರಡು ಸಾಲು ಸೇರಿಸಿ ಸಹಿ ಹಾಕಿ, ಬಿಲ್ಡರ್ ಬರುವ ತನಕ ಅಲ್ಲೇ ಕೂತ.

ಅಂಟಣ್ಣ ಉಸಿರು ಬಿಟ್ಟ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಮುಂದಿನ ತಿಂಗಳಿಗೆ ಹಾರಿತು.

ನಾಲ್ಕೂವರೆಗೆ ಸರಿಯಾಗಿ ಬಿಲ್ಡರ್ ಬಂದ. ಬೆಳ್ಳಗಿನ ಬಟ್ಟೆ, ಬೆಳ್ಳಗಿನ ಕಾರು, ಬೆಳ್ಳಗಿನ ಹಲ್ಲು. ಉದುರಿದ ಗಾರೆಯ ಮೇಲೆ ಗುಲಾಬಿ ಹಾಸಿದ್ದಾರೇನೋ ಅನ್ನುವ ಹಾಗೆ ಹೆಜ್ಜೆಯಿಡುತ್ತ ಒಳಗೆ ಬಂದು, ಅಂಟಣ್ಣನಿಗೆ ಕೈಮುಗಿದ. "ಸಾರ್, ನೀವು ಹೇಗಿದ್ದೀರಿ? ಅಮ್ಮ ಚೆನ್ನಾಗಿದ್ದಾರಾ? ಎಲ್ಲಿ, ವರದಿ ಕೊಡಿ."

ನಾಲ್ಕೂ ಹಾಳೆ ಓದಿದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ನರ್ಸಮ್ಮ ಅವನಿಗೆ ಎದೆನೋವು ಬಂದರೆ ಇರಲಿ ಅಂತ ಒಂದು ಲೋಟ ನೀರು ಹಿಡಿದು ನಿಂತಿದ್ದಳು. ಅವನ ನಗು ಒಂದು ಕೂದಲೆಳೆಯಷ್ಟೂ ಕುಗ್ಗಲಿಲ್ಲ.

"ನಲವತ್ತೇಳಕ್ಕೆ ನಲವತ್ತೇಳೂ ಒಪ್ಪಿಗೆ!" ಅಂದ. "ನನ್ನ ಮಾತು ಅಂದ್ರೆ ಮಾತು. ನಾಳೆ ಬೆಳಗ್ಗೆಯಿಂದಲೇ ಕೆಲಸ ಶುರು."

ಕಂಡಕ್ಟರ್ ಉದ್ದಕ್ಕೆ ಸೀಟಿ ಊದಿದ. ಅತ್ತೆ ಅಳಿಯನ ತಲೆಯ ಮೇಲೆ ಕೈಯಿಟ್ಟಳು. ಹೆಂಡತಿಯ ಕಣ್ಣಲ್ಲಿ ನೀರು ಬಂತು, ಅದನ್ನು ಆಕೆ ಗಾರೆಯ ಪುಡಿ ಬಿದ್ದಿದೆ ಅಂತ ಒರೆಸಿಕೊಂಡಳು. ಅಂಟಣ್ಣ ಒಂದು ವರ್ಷದಲ್ಲಿ ಮೊದಲ ಸಲ ತನ್ನ ಮನೆಯ ಗೋಡೆಗೆ ನಿಶ್ಚಿಂತೆಯಿಂದ ಒರಗಿದ. ಅದು ಸ್ವಲ್ಪ ಹಿಂದಕ್ಕೆ ಹೋಯಿತು, ಇರಲಿ.

"ಒಂದೇ ಒಂದು ಮಾತು," ಅಂದ ಬಿಲ್ಡರ್. "ತಪಾಸಣೆಗಾರರು ಒಪ್ಪಿದ ಕೆಲಸಗಾರನ ಕೈಲೇ ಮಾಡಿಸ್ಬೇಕು ಅಂತ ಕಾಗದದಲ್ಲಿದೆ. ನಾನು ಕಾಗದ ಮೀರೋನಲ್ಲ. ಇಲ್ಲಿ ಕೊನೇಲಿ ಏನೋ ಬರೆದಿದ್ದಾರೆ ನೋಡಿ." ಅವನು ಗಟ್ಟಿಯಾಗಿ ಓದಿದ: "'ಈ ಮನೆಯಲ್ಲಿ ತೃಪ್ತಿಕರವಾಗಿ ಕಂಡ ಕೆಲಸ ಒಂದೇ, ಅದು ಅಜ್ಜಿಯ ಕೋಣೆಯ ಗೋಡೆಗೆ ಅಂಟಿಸಿದ ಬಟ್ಟೆ. ಅದನ್ನು ಮಾಡಿದವನನ್ನು ಬಿಟ್ಟು ಬೇರೆ ಯಾವ ಕೆಲಸಗಾರನನ್ನೂ ನಾನು ಒಪ್ಪುವುದಿಲ್ಲ.' ಯಾರಪ್ಪಾ ಆ ಮಹಾನುಭಾವ?"

ನರ್ಸಮ್ಮನ ಬೆರಳು ಅಂಟಣ್ಣನ ಕಡೆ ತಿರುಗಿತು. ಕಂಡಕ್ಟರ್‌ನ ಬೆರಳು ತಿರುಗಿತು. ತಪಾಸಣೆಗಾರ ತುಂಬು ಗೌರವದಿಂದ ಪೆನ್ನು ತೋರಿಸಿದ. ಅತ್ತೆ ಅಷ್ಟಕ್ಕೇ ಬಿಡಲಿಲ್ಲ, ಅಳಿಯನ ಬೆನ್ನಿಗೆ ಕೈಕೊಟ್ಟು ಮುಂದೆ ನೂಕಿದಳು. "ಇವರೇ! ನಮ್ಮ ಅಳಿಯಂದಿರು!"

"ನೀವಾ ಸಾರ್?" ಬಿಲ್ಡರ್ ಅಂಟಣ್ಣನ ಹೆಗಲ ಮೇಲೆ ಕೈಹಾಕಿದ. ಹೆಗಲು ಮುಟ್ಟಿದ ಗಳಿಗೆಯಿಂದ ಅವನ ಮಾತಿನ ವರಸೆ ಬದಲಾಯಿತು. "ನೋಡಪ್ಪಾ, ನಾಳೆ ಎಂಟಕ್ಕೆಲ್ಲ ಇಲ್ಲಿರ್ಬೇಕು ನೀನು."

"ನಾನು... ಇಲ್ಲೇ ಇರ್ತೀನಲ್ಲ ಸಾರ್, ಇದು ನನ್ನ ಮನೆ."

"ಅದೇ ಒಳ್ಳೇದಾಯ್ತು, ಲೇಟಾಗಿ ಬರಲ್ಲ."

"ಇದ್ಯಾವ ನ್ಯಾಯ?" ಹೆಂಡತಿ ಸಿಡಿದಳು. "ನಮ್ಮ ಮನೆ ನೀವು ರಿಪೇರಿ ಮಾಡಿಕೊಡ್ಬೇಕಾಗಿದ್ದು!"

"ಮಾಡಿಸಿಕೊಡ್ತಿದ್ದೀನಲ್ಲಮ್ಮಾ. ಮೈದಾಹಿಟ್ಟು ನಂದೇ, ಒಂದು ಮೂಟೆ ಕಳಿಸ್ತೀನಿ. ಬೇಡ ಅಂದ್ರೆ ಬಲವಂತ ಇಲ್ಲ. ಮಾಲೀಕರೇ ರಿಪೇರಿ ಬೇಡ ಅಂದ್ರು ಅಂತ ಬರ್ಕೊಂಡು ಹೋಗ್ತೀನಿ. ಗಂಟೆ ಎಷ್ಟಾಯ್ತು?"

ಐದಕ್ಕೆ ಹತ್ತು ನಿಮಿಷವಿತ್ತು. ಹೆಂಡತಿ ತಪಾಸಣೆಗಾರನ ಮುಖ ನೋಡಿದಳು. ಅವನು, "ಬೇರೆಯವರ ಕೆಲಸಕ್ಕೆ ನಾನಂತೂ ಸಹಿ ಹಾಕಲ್ಲ ತಾಯಿ. ಇಂಥ ಕೈ ನಾನು ನೋಡೇ ಇಲ್ಲ," ಅಂತ ಹೆಮ್ಮೆಯಿಂದ ಹೇಳಿದ. ಆ ಹೊಗಳಿಕೆಗೆ ಅಂಟಣ್ಣನ ಕಿವಿ ಕೆಂಪಾಯಿತು. ಇಪ್ಪತ್ತೈದು ವರ್ಷದಲ್ಲಿ ಅವನ ಕೆಲಸವನ್ನು ಯಾರೂ ಹೀಗೆ ಬರವಣಿಗೆಯಲ್ಲಿ ಹೊಗಳಿರಲಿಲ್ಲ. ಹೊಗಳಿಸಿಕೊಂಡ ಮನುಷ್ಯ ಪೆನ್ನು ಕೊಟ್ಟರೆ ಸಹಿ ಹಾಕದೆ ಬಿಡುತ್ತಾನೆಯೇ? ಮಾಲೀಕ ಅನ್ನುವ ಜಾಗದಲ್ಲಿ ಒಂದು ಸಹಿ ಹಾಕಿದ, ಕೆಲಸಗಾರ ಅನ್ನುವ ಜಾಗದಲ್ಲಿ ಇನ್ನೊಂದು.

ಬಿಲ್ಡರ್ ಚೀಲದಿಂದ ಮತ್ತೊಂದು ಕಾಗದ ತೆಗೆದ. "ಇದಕ್ಕೂ ಒಂದು ಹಾಕಿಬಿಡು. ನನ್ನ ಕೆಲಸದವರೆಲ್ಲ ಹಾಕಿದ್ದಾರೆ."

"ಏನಿದು ಸಾರ್?"

"ಏನಿಲ್ಲ. ನಿನ್ನ ಕೆಲಸಕ್ಕೆ ನೀನು ನಂಗೆ ಕೊಡೋ ವಾರಂಟಿ. ಒಂದು ವರ್ಷ. ಈ ಸಾಲಿನ ಮನೆಗಳಲ್ಲಿ ಏನೇ ಬಿರುಕು ಬಿಟ್ರೂ ನೀನು ನೋಡ್ಕೋಬೇಕು. ಬೇಗ ಬೇಗ, ಐದಾಗತ್ತೆ."

ಐದಾಗತ್ತೆ ಅನ್ನುವ ಮಾತಿಗೆ ಅಂಟಣ್ಣನ ಕೈ ಬೆಳಗಿನಿಂದ ಎಷ್ಟು ಹೆದರಿತ್ತೆಂದರೆ, ತಲೆ ಬೇಡ ಅನ್ನುವುದರೊಳಗೆ ಅದು ಸಹಿ ಹಾಕಿ ಮುಗಿಸಿತ್ತು.

"ಹಾಗಾದ್ರೆ ನಮ್ಮನೇದೂ ಇವರೇನಾ?" ಅಂದ ಕಂಡಕ್ಟರ್. "ನಮ್ಮನೆ ಮೆಟ್ಟಿಲು ಬಾಯಿ ಬಿಟ್ಟಿದೆ ಸಾರ್."

"ಹನ್ನೆರಡು ಮನೆಗೂ ಇವನೇ," ಅಂತ ಬಿಲ್ಡರ್ ಹೇಳಿದ. ಕಂಡಕ್ಟರ್ ಅಂಟಣ್ಣನನ್ನು ಹೊಸ ಕಣ್ಣಿನಿಂದ ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ನಮ್ಮನೆಗೆ ಯಾವಾಗ ಬರ್ತೀಯಾ?" ಅಂದ.

ಗಡಿಯಾರ ಐದು ಹೊಡೆಯಿತು. ಬಿಲ್ಡರ್ ಎಲ್ಲರಿಗೂ ಕೈಮುಗಿದು, ಹೊರಗೆ ಹೋಗಿ ಕಾರಿನ ಬಾಗಿಲು ತೆಗೆದ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಧಡಾರ್ ಅಂತ ಸದ್ದಾಯಿತು. ಉಳಿದಿದ್ದ ಶೆಲ್ಫು ಪಾತ್ರೆಗಳ ಸಮೇತ ನೆಲಕ್ಕೆ ಬಂದಿತ್ತು. ಹೆಂಡತಿಗೆ ಸಿಟ್ಟು ನೆತ್ತಿಗೇರಿತು. ಫೋನು ತೆಗೆದು ಬಿಲ್ಡರ್‌ಗೇ ಮಾಡಿ, ಇಡೀ ಸಾಲಿಗೆ ಕೇಳುವ ಹಾಗೆ ತರಾಟೆಗೆ ತೆಗೆದುಕೊಂಡಳು. "ಏನ್ ಮನೆ ಕಟ್ಟಿದ್ದೀರಿ ನೀವು? ಮಾನ ಮರ್ಯಾದೆ ಇದೆಯಾ? ಈಗಿಂದೀಗ್ಲೇ ಜನ ಕಳಿಸ್ತೀರೋ ಇಲ್ವೋ?"

ಗೇಟಿನಾಚೆ ಬಿಲ್ಡರ್ ಫೋನು ಕಿವಿಗಿಟ್ಟು, ಆಕೆಯನ್ನೇ ನೋಡುತ್ತ, ವಿನಯದಿಂದ ತಲೆಬಾಗಿದ. "ಬರ್ಕೊಂಡೆ ತಾಯಿ. ಈಗಲೇ ಕಳಿಸ್ತೀನಿ." ಆ ಕರೆ ಮುಗಿಸಿ ಬೇರೊಂದು ನಂಬರ್ ಒತ್ತಿದ.

ಹಜಾರದಲ್ಲಿ ನಿಂತಿದ್ದ ಅಂಟಣ್ಣನ ಜೇಬು ರಿಂಗಾಯಿತು. ಅವನು ತೆಗೆದು, "ಹಲೋ," ಅಂದ.

"ಏನಪ್ಪಾ, ಏಳನೇ ನಂಬರ್ ಮನೆಯಿಂದ ಕಂಪ್ಲೇಂಟ್ ಬಂದಿದೆ, ತಕ್ಷಣ ಹೋಗು," ಅಂದ ಬಿಲ್ಡರ್. ಆಮೇಲೆ ದನಿ ತಗ್ಗಿಸಿ ಸೇರಿಸಿದ: "ಆ ಮನೆಯ ಹೆಂಗಸು ಬಹಳ ಜೋರು. ನೀನು ಎದುರು ಮಾತಾಡ್ಬೇಡ."